ಸಾಣೆಕಲ್ಲಿನಿಂದ ಸೀಸೆಯವರೆಗೆ

ಹುಣಸೂರು ತಾಲ್ಲೂಕಿನ ಗಾವಡಗೆರೆ ಸುತ್ತಿನ ಹೊಗೆಸೊಪ್ಪು ಬೆಳೆಗಾರರಿಗೆ ತೇವದ ವಿಚಾರದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲ. ಹೊಲದಿಂದ ಬಿಡಿಸಿ ತಂದ ಹಸಿ ಎಲೆಯನ್ನು ಕೋಲಿಗೆ ಕಟ್ಟಿ, ಬ್ಯಾರನ್ನಿನೊಳಗೆ ಏರಿಸಿ, ಐದಾರು ದಿನ ಹಗಲಿರುಳು ಬೆಂಕಿ ಕಾಯುತ್ತಾರೆ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಅದರ ಹಾಳೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ದಂಟಿನಲ್ಲಿ ಪಸೆ ಉಳಿದರೆ ಬೇಲಿನೊಳಗೆ ಬೂಷ್ಟು ಹಿಡಿಯುತ್ತದೆ. ಕಟ್ಟೆಮಳಲವಾಡಿಯದೋ ಚಿಲ್ಕುಂದದ್ದೋ ಹರಾಜು ಮಾರುಕಟ್ಟೆಗೆ ಅದನ್ನು ಒಯ್ದರೆ ವರ್ಷದ ಬೆವರಿಗೆ ಬೆಲೆ ಸಿಗುವುದಿಲ್ಲ. ಎಲೆಯನ್ನು ಕೆಡಿಸುವುದು ಅದರೊಳಗೆ ಉಳಿದ ನೀರು ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು.

ಈ ತಿಳಿವಳಿಕೆ ಇಂದು ಬೇರೊಂದು ಕಡೆ ಬೇಕಾಗಿದೆ. ಮೈಸೂರಿನ ಅಂಗಡಿಗಳಿಂದ ಹಿಡಿದು ಹಳ್ಳಿಯ ಸಂತೆಯವರೆಗೆ ಮುಖಕ್ಕೆ, ಕೂದಲಿಗೆ, ಮಗುವಿನ ಮೈಗೆ ಹಚ್ಚುವ ‘ನೈಸರ್ಗಿಕ’ ಪದಾರ್ಥಗಳು ರಾಶಿ ಬಿದ್ದಿವೆ. ಒಂದು ಸೀಸೆಯ ಮೇಲೆ ‘ಯಾವುದೇ ಸಂರಕ್ಷಕ ರಾಸಾಯನಿಕ ಬೆರೆಸಿಲ್ಲ’ ಎಂಬ ಹೆಮ್ಮೆಯ ಮಾತು. ಪಕ್ಕದ ಸೀಸೆಯ ಹಿಂಬದಿಯಲ್ಲಿ ಸೋಡಿಯಂ ಬೆಂಜೊಯೇಟ್, ಫಿನಾಕ್ಸಿ ಎಥನಾಲ್ ಮುಂತಾದ ಬಾಯಿಗೆ ಹೊರಳದ ಹೆಸರುಗಳು. ಮೊದಲನೆಯದು ಅಜ್ಜಿಯ ಕಾಲದ ಶುದ್ಧ ವಸ್ತು, ಎರಡನೆಯದು ಕಾರ್ಖಾನೆಯ ವಿಷ ಎಂದು ತೀರ್ಮಾನಿಸುವುದು ಸುಲಭ. ಆದರೆ ಅಜ್ಜಿಯ ಕಾಲದ ಪದಾರ್ಥಗಳು ರಾಸಾಯನಿಕವಿಲ್ಲದೆ ಕೆಡದೆ ಉಳಿದದ್ದು ಹೇಗೆ ಎಂದು ಕೇಳಿದರೆ ಈ ತೀರ್ಮಾನ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಬಚ್ಚಲ ಗೂಡಿನ ಸಾಮಾನು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳೆಯ ಮನೆಗಳಲ್ಲಿ ಮೈಗೆ, ತಲೆಗೆ ಬೇಕಾದದ್ದನ್ನು ಇಡಲು ಬಚ್ಚಲ ಗೋಡೆಯ ಒಂದು ಗೂಡು ಸಾಕಾಗುತ್ತಿತ್ತು. ಸೀಗೆಪುಡಿಯ ಡಬ್ಬ, ಚುಜ್ಜಲು ಪುಡಿ, ಒಂದು ಹಿಡಿ ಅಂಟುವಾಳದ ಕಾಯಿ, ಹರಳೆಣ್ಣೆ. ಅಡುಗೆಮನೆಯಿಂದ ಕಡಲೆಹಿಟ್ಟು, ಹೆಸರುಹಿಟ್ಟು, ಅರಿಶಿನ. ದೇವರ ಗೂಡಿನಲ್ಲಿ ಗಂಧದ ಕೊರಡು ಮತ್ತು ಸಾಣೆಕಲ್ಲು. ಹಿತ್ತಿಲಲ್ಲಿ ದಾಸವಾಳದ ಗಿಡ, ಲೋಳೆಸರದ ಮೊಡ್ಡೆ.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಅದರಲ್ಲಿ ಮೂರೇ ಬಗೆಯ ವಸ್ತುಗಳಿರುವುದು ತಿಳಿಯುತ್ತದೆ. ಒಂದು, ಬಿಸಿಲಿಗೆ ಒಣಗಿಸಿ ಕುಟ್ಟಿದ ಪುಡಿ. ಎರಡು, ನೀರಿನ ಅಂಶವಿಲ್ಲದ ಎಣ್ಣೆ. ಮೂರು, ಬೇಕಾದಾಗ ಅರೆದು, ತೇಯ್ದು, ಕೊಯ್ದು ಆಗಲೇ ಮುಗಿಸುವ ಹಸಿ ವಸ್ತು. ಕಲಸಿದ ಸೀಗೆಪುಡಿಯನ್ನು ಮುಂದಿನ ವಾರದ ಎಣ್ಣೆನೀರಿಗೆ ಯಾರೂ ಎತ್ತಿಡುತ್ತಿರಲಿಲ್ಲ. ಅರೆದ ದಾಸವಾಳದ ಎಲೆ ಮಿಕ್ಕರೆ ಗಿಡದ ಬುಡಕ್ಕೇ ಹೋಗುತ್ತಿತ್ತು. ಬೆಳಿಗ್ಗೆ ಹಣೆಗೆ ತೇಯ್ದ ಗಂಧವನ್ನು ಸಂಜೆಯ ಪೂಜೆಗೆ ಬಳಸುವುದಿಲ್ಲ, ಮತ್ತೆ ತೇಯಬೇಕು. ಕೆ.ಆರ್. ನಗರದ ಭತ್ತದ ಬಯಲಿನಲ್ಲಿ ಅಕ್ಕಿ ತೊಳೆದ ಅಕ್ಕಚ್ಚನ್ನು ದನಕ್ಕೆ ಇಡುತ್ತಿದ್ದ ಹೆಂಗಸರಿಗೆ, ಅದು ಸಂಜೆಗೆಲ್ಲ ಹುಳಿ ವಾಸನೆ ಹೊಡೆಯುತ್ತದೆಂಬುದು ತಿಳಿದಿತ್ತು. ಇಂದು ಅದೇ ಅಕ್ಕಿ ನೀರು ಕೂದಲಿನ ಆರೈಕೆಗೆಂದು ಸೀಸೆಯಲ್ಲಿ ಮಾರಾಟವಾಗುತ್ತದೆ. ತಿಂಗಳುಗಟ್ಟಲೆ ಅದು ಹುಳಿಯಾಗದೆ ಇದ್ದರೆ ಒಳಗೆ ಅದನ್ನು ತಡೆಯುವ ಏನೋ ಒಂದು ಇರಲೇಬೇಕು.

ಜೇನಿನ ಉದಾಹರಣೆ ಇನ್ನೂ ಸ್ಪಷ್ಟ. ನಾಗರಹೊಳೆ ಕಾಡಂಚಿನ ಜೇನುಕುರುಬರು, ಕಾಡುಕುರುಬರು ಜೇನು, ಸೀಗೆಕಾಯಿ, ಅಂಟುವಾಳ, ಮರಪಾಚಿ ಸಂಗ್ರಹಿಸಿ, ಆದಿವಾಸಿಗಳ ಸಹಕಾರ ಸಂಘಗಳಾದ ‘ಲ್ಯಾಂಪ್ಸ್’ ಮೂಲಕ ಮಾರುತ್ತ ಬಂದವರು. ಮಾಗಿದ ಜೇನುತುಪ್ಪ ವರ್ಷಗಟ್ಟಲೆ ಕೆಡುವುದಿಲ್ಲ. ಅದರಲ್ಲಿ ಸಕ್ಕರೆ ಎಷ್ಟು ದಟ್ಟವಾಗಿದೆಯೆಂದರೆ ಸೂಕ್ಷ್ಮಜೀವಿಗೆ ಕುಡಿಯಲು ನೀರೇ ಸಿಗುವುದಿಲ್ಲ. ಆದರೆ ತೇವದ ಹವೆಯಲ್ಲಿ, ನೊಣಗಳು ಇನ್ನೂ ಮೇಣ ಮುಚ್ಚದ ಹುಟ್ಟಿನಿಂದ ತೆಗೆದ ತುಪ್ಪದಲ್ಲಿ ನೀರು ಹೆಚ್ಚು. ಅದು ಕೆಲವೇ ದಿನಗಳಲ್ಲಿ ನೊರೆ ಕಟ್ಟಿ ಹುಳಿಯಾಗುತ್ತದೆ. ಜೇನುತುಪ್ಪದಲ್ಲಿ ತೇವಾಂಶ ಶೇ 20ನ್ನು ಮೀರಬಾರದೆಂದು ಭಾರತದ ಆಹಾರ ಮಾನದಂಡ ಹೇಳುವುದು ಇದೇ ಕಾರಣಕ್ಕೆ. ಎರಡೂ ತುಪ್ಪ ಅದೇ ಕಾಡಿನವು, ಎರಡೂ ನೈಸರ್ಗಿಕ. ಒಂದು ಉಳಿಯಿತು, ಇನ್ನೊಂದು ಕೆಟ್ಟಿತು. ವ್ಯತ್ಯಾಸ ನೀರಿನಲ್ಲಿದೆ.

ಶಾಸ್ತ್ರದ ಲೆಕ್ಕ

ಈ ತಿಳಿವಳಿಕೆ ಹಳ್ಳಿಯ ಅನುಭವದಲ್ಲಿ ಮಾತ್ರ ಇದ್ದದ್ದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಅಭ್ಯಂಜನಕ್ಕೆ, ಸ್ನಾನಕ್ಕೆ, ಗಂಧಲೇಪನಕ್ಕೆ ಪ್ರತ್ಯೇಕ ಪ್ರಕರಣಗಳಿವೆ. ಅಲ್ಲಿಯೂ ಪರಿಮಳದ ಎಣ್ಣೆ, ಪುಡಿ, ಲೇಪಗಳದೇ ಮಾತು. ಅರಮನೆಗೂ ಹಳ್ಳಿಗೂ ವೈಭವದಲ್ಲಿ ವ್ಯತ್ಯಾಸವಿತ್ತು, ಪದಾರ್ಥದ ಬಗೆಯಲ್ಲಿ ಅಷ್ಟಿರಲಿಲ್ಲ.

ಪದಾರ್ಥ ಎಷ್ಟು ದಿನ ಬಾಳುತ್ತದೆ ಎಂಬ ಲೆಕ್ಕವನ್ನು ವೈದ್ಯರು ಇಟ್ಟಿದ್ದರು. ‘ಶಾರ್ಙ್ಗಧರ ಸಂಹಿತೆ’ಯ ಪ್ರಕಾರ ಚೂರ್ಣದ ಶಕ್ತಿ ಎರಡು ತಿಂಗಳ ಮೇಲೆ ಕುಂದುತ್ತದೆ, ಗುಳಿಗೆ, ಲೇಹ್ಯಗಳಿಗೆ ಒಂದು ವರ್ಷ. ಹಸಿ ಗಿಡಮೂಲಿಕೆಯ ರಸ, ನೀರಿನಲ್ಲಿ ಅರೆದ ಕಲ್ಕ, ಕುದಿಸಿದ ಕಷಾಯ ಇವುಗಳನ್ನು ಮಾಡಿದಾಗಲೇ ಬಳಸುವುದು ಪದ್ಧತಿ. ಆಸವಗಳು ಮಾತ್ರ ಹಳತಾದಷ್ಟೂ ಗುಣಶಾಲಿ. ಆಸವದಲ್ಲಿ ನೀರಿದ್ದರೂ ಹುದುಗುವಾಗ ತಾನೇ ಹುಟ್ಟುವ ಮದ್ಯಸಾರ ಅದನ್ನು ಕಾಯುತ್ತದೆ. ಲೇಹ್ಯವನ್ನು ಬೆಲ್ಲ, ಸಕ್ಕರೆ, ಜೇನು ಕಾಯುತ್ತವೆ. ಉಪ್ಪಿನಕಾಯಿಯನ್ನು ಉಪ್ಪು, ಹುಳಿ, ಎಣ್ಣೆ ಕಾಯುತ್ತವೆ. ‘ಜಾಡಿಗೆ ಒದ್ದೆ ಕೈ ಹಾಕಬೇಡ’ ಎಂದು ಗದರಿಸದ ಅಜ್ಜಿ ಕರ್ನಾಟಕದ ಯಾವ ಊರಿನಲ್ಲಿದ್ದಾಳು?

ಅಂದಮೇಲೆ ಹಿಂದಿನವರು ಸಂರಕ್ಷಕವಿಲ್ಲದೆ ಬದುಕಿದರು ಎಂಬ ಮಾತು ಪೂರ್ತಿ ಸರಿಯಲ್ಲ. ಅವರು ನೀರನ್ನು ಹೊರಗಿಟ್ಟರು. ಹೊರಗಿಡಲಾಗದ ಕಡೆ ಉಪ್ಪು, ಸಕ್ಕರೆ, ಮದ್ಯಸಾರಗಳಿಂದ ಅದನ್ನು ಕಟ್ಟಿಹಾಕಿದರು. ಎರಡೂ ಸಾಧ್ಯವಾಗದಿದ್ದರೆ ಅಂದಿನದನ್ನು ಅಂದೇ ಮುಗಿಸಿದರು.

ಗಂಧದ ದಾರಿ

ಮನೆಯ ಸಾಣೆಕಲ್ಲಿನ ಮೇಲಿದ್ದ ಗಂಧ ಮಾರುಕಟ್ಟೆಗೆ ಹೋದ ಕಥೆ ಮೈಸೂರಿನದೇ. 1792ರಲ್ಲಿ ಟಿಪ್ಪು ಸುಲ್ತಾನ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮರ ಯಾರ ನೆಲದಲ್ಲಿ ಬೆಳೆದರೂ ಒಡೆತನ ಸರ್ಕಾರದ್ದು ಎಂಬ ಕಟ್ಟಳೆ ಒಡೆಯರ ಆಳ್ವಿಕೆಯಲ್ಲೂ ಮುಂದುವರಿಯಿತು. ಅದು ಸಡಿಲವಾದದ್ದು 2001ರ ಕಾನೂನು ತಿದ್ದುಪಡಿಯಿಂದ. ಮೈಸೂರು ಸಂಸ್ಥಾನದ ಗಂಧದ ಕೊರಡು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಆ ದಾರಿ ಮುಚ್ಚಿತು. ಕೊರಡುಗಳು ಇಲ್ಲೇ ರಾಶಿ ಬಿದ್ದವು.

ಆಗ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿಗಳಾದ ಸಡ್‌ಬರೊ, ವಾಟ್ಸನ್ ಅವರ ನೆರವಿನಿಂದ 1916ರಲ್ಲಿ ಇಲ್ಲಿಯೇ ಗಂಧದೆಣ್ಣೆ ಭಟ್ಟಿ ಇಳಿಯಿತು. ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ತಲೆಯೆತ್ತಿತು. ಇಂಗ್ಲೆಂಡಿಗೆ ಹೋಗಿ ಸಾಬೂನು ತಯಾರಿಕೆ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಶ್ರಮದಿಂದ 1918ರಲ್ಲಿ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತು. ಶರಭದ ಚಿಹ್ನೆ ಹೊತ್ತ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಹೀಗೆ. 1980ರಲ್ಲಿ ಕಾರ್ಖಾನೆ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾಯಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸಾಣೆಕಲ್ಲಿನ ಮೇಲೆ ತೇಯ್ದ ಗಂಧ ಒಂದು ಹೊತ್ತಿನದು. ಅದೇ ಕೊರಡನ್ನು ಹಬೆಯಲ್ಲಿ ಭಟ್ಟಿ ಇಳಿಸಿ, ನೀರನ್ನು ಬೇರ್ಪಡಿಸಿ, ಎಣ್ಣೆ ಮಾಡಿದರೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಆ ಎಣ್ಣೆ ಸಾಬೂನಿಗೆ ಸೇರಿದರೆ, ಸಾಬೂನಿನಲ್ಲಿ ಅಲ್ಪಸ್ವಲ್ಪ ನೀರಿದ್ದರೂ ಅದರ ಕ್ಷಾರಗುಣದಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಗಂಧ ಕಡಲು ದಾಟಿ ದೂರದೂರಿನ ಅಂಗಡಿ ಸೇರಲು ಸಾಧ್ಯವಾದದ್ದು ಅದು ಎಣ್ಣೆಯ ಮತ್ತು ಬಿಲ್ಲೆಯ ರೂಪ ತಾಳಿದ್ದರಿಂದ. ತೇಯ್ದ ಗಂಧವನ್ನು ಹಾಗೇ ಡಬ್ಬಿಯಲ್ಲಿ ತುಂಬಿ ಕಳಿಸಿದ್ದರೆ ಊರು ದಾಟುವ ಮೊದಲೇ ಬೂಷ್ಟು ಹಿಡಿಯುತ್ತಿತ್ತು.

ನೀರು ಸೀಸೆ ಸೇರಿದಾಗ

20ನೇ ಶತಮಾನದ ಆರಂಭದ ದಶಕಗಳಲ್ಲಿ ನಗರದ ಕನ್ನಡಿಯ ಮುಂದೆ ‘ಸ್ನೋ’ ಬಂತು. ಆಮೇಲೆ ಕ್ರೀಮು, ಲೋಷನ್, ಶಾಂಪು ಬಂದವು. ಇವುಗಳ ಗುಣ ಹಳೆಯ ಸಾಮಾನಿಗಿಂತ ಮೂಲದಲ್ಲೇ ಬೇರೆ. ಲೋಷನ್ನಿನಲ್ಲಿ ಬಹುಪಾಲು ನೀರು. ಎಣ್ಣೆ ಮತ್ತು ನೀರನ್ನು ಒಂದಾಗಿಸಿ ತಿಂಗಳುಗಟ್ಟಲೆ ಅಂಗಡಿಯಲ್ಲಿಟ್ಟು, ದಿನವೂ ಬೆರಳು ಅದ್ದಿ ಬಳಸುವ ಪದಾರ್ಥ ಅದು. ಸೂಕ್ಷ್ಮಜೀವಿಗಳಿಗೆ ನೀರು, ಆಹಾರ, ಬೆಚ್ಚನೆಯ ಜಾಗ ಮೂರೂ ಸಿಕ್ಕಂತಾಯಿತು. 1920ರ ದಶಕದಿಂದ ಪ್ಯಾರಾಬೆನ್ ಎಂಬ ಸಂರಕ್ಷಕಗಳು ಬಳಕೆಗೆ ಬಂದದ್ದು ಈ ತೊಡಕಿಗೆ ಪರಿಹಾರವಾಗಿ.

ಸಂರಕ್ಷಕ ಸಾಲದೆ ಹೋದಾಗ ಏನಾಗುತ್ತದೆಂಬುದಕ್ಕೆ ದಾಖಲೆಗಳಿವೆ. 1970ರ ದಶಕದಲ್ಲಿ ಅಮೆರಿಕದಲ್ಲಿ ರೆಪ್ಪೆಗೆ ಹಚ್ಚುವ ಬಣ್ಣದಲ್ಲಿ ಬೆಳೆದ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾದಿಂದ ಕೆಲವು ಹೆಂಗಸರ ಕಣ್ಣಿನ ಪಾಪೆಯ ಮೇಲೆ ಹುಣ್ಣಾಯಿತು, ದೃಷ್ಟಿಗೂ ಹಾನಿಯಾಯಿತು. 2006ರ ಆಗಸ್ಟ್‌ನಲ್ಲಿ ಸ್ಪೇನಿನ ಬಾರ್ಸಿಲೋನಾದ ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಐವರು ರೋಗಿಗಳಿಗೆ ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿತು. ಹುಡುಕುತ್ತ ಹೋದಾಗ ಮೂಲ ಸಿಕ್ಕಿದ್ದು ಅವರ ಮೈಗೆ ಹಚ್ಚುತ್ತಿದ್ದ ಲೋಷನ್ನಿನಲ್ಲಿ. ಇನ್ನೂ ತೆರೆಯದ ಸೀಸೆಗಳಲ್ಲೂ ಅದು ಇತ್ತು. ಆರೋಗ್ಯವಂತರ ಗಟ್ಟಿ ಚರ್ಮ ಇಂಥ ಜೀವಿಗಳನ್ನು ತಡೆಯುತ್ತದೆ. ಹಸುಗೂಸು, ಗಾಯವಾದವರು, ಕಾಯಿಲೆಯಿಂದ ನವೆದವರು ತಡೆಯಲಾರರು.

ಒಣ ಪದಾರ್ಥವೂ ಪೂರ್ತಿ ನಿರಪಾಯವೇನಲ್ಲ. ಪುಡಿಯಲ್ಲಿ ಸೂಕ್ಷ್ಮಜೀವಿ ಬೆಳೆಯದಿದ್ದರೂ ಬೀಜಕಣದ ರೂಪದಲ್ಲಿ ಜೀವ ಹಿಡಿದುಕೊಂಡಿರಬಲ್ಲದು. 1940ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಹಸುಗೂಸುಗಳ ಹೊಕ್ಕುಳಿಗೆ ಉದುರಿಸಿದ ಟಾಲ್ಕಂ ಪುಡಿಯಿಂದಲೇ ಧನುರ್ವಾಯು ಬಂದು ಸಾವು ಸಂಭವಿಸಿದವು. ನಮ್ಮಲ್ಲೂ ಹೊಕ್ಕುಳಿಗೆ ಬೂದಿ, ಸಗಣಿ ಹಚ್ಚುವ ರೂಢಿ ಎಷ್ಟೋ ಕೂಸುಗಳನ್ನು ಬಲಿ ತೆಗೆದುಕೊಂಡಿತ್ತು. ಭಾರತ ಈ ಪಿಡುಗಿನಿಂದ ಪಾರಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2015ರಲ್ಲಿ. ಇನ್ನೂ ಒಣಗದ ಹೊಕ್ಕುಳಿಗೆ, ತೆರೆದ ಗಾಯಕ್ಕೆ ಮನೆಯ ಪುಡಿಯೂ ಸಲ್ಲದು, ಅಂಗಡಿಯ ಪುಡಿಯೂ ಸಲ್ಲದು.

ಹೆದರಿಕೆ ತಂದ ಹೊಸ ತೊಂದರೆ

ಸಂರಕ್ಷಕಗಳ ಮೇಲೆ ಜನರ ನಂಬಿಕೆ ಅಲುಗಾಡಿದ್ದು 2004ರಲ್ಲಿ. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಫಿಲಿಪ್ಪಾ ಡಾರ್ಬ್ರೆ ಮತ್ತು ಸಂಗಡಿಗರು ಸ್ತನದ ಗಡ್ಡೆಗಳ 20 ಮಾದರಿಗಳಲ್ಲಿ ಪ್ಯಾರಾಬೆನ್ ಅಂಶವನ್ನು ಗುರುತಿಸಿದರು. ಗಡ್ಡೆಗೆ ಅದೇ ಕಾರಣವೆಂದು ಆ ಅಧ್ಯಯನ ಸಾಧಿಸಿರಲಿಲ್ಲ. ಆರೋಗ್ಯವಂತ ಅಂಗಾಂಶದೊಡನೆ ಹೋಲಿಸಿಯೂ ಇರಲಿಲ್ಲ. ಆದರೆ ಸುದ್ದಿ ಹಬ್ಬಿತು. ‘ಪ್ಯಾರಾಬೆನ್ ಇಲ್ಲ’ ಎಂಬ ಬರಹ ಸೀಸೆಗಳ ಮೇಲೆ ಕಾಣಿಸಿಕೊಂಡಿತು. ಎಚ್ಚರಿಕೆಯ ಕ್ರಮವಾಗಿ ಯುರೋಪಿನ ಒಕ್ಕೂಟ 2014ರಲ್ಲಿ ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿ, ಇನ್ನೆರಡರ ಪ್ರಮಾಣವನ್ನು ತಗ್ಗಿಸಿತು. ಮಿಥೈಲ್, ಎಥೈಲ್ ಪ್ಯಾರಾಬೆನ್‌ಗಳಿಗೆ ಮಿತಿಯೊಳಗೆ ಅವಕಾಶ ಉಳಿಯಿತು.

ಪ್ಯಾರಾಬೆನ್ ಬಿಟ್ಟ ತಯಾರಕರು ಬದಲಿಗಾಗಿ ಹುಡುಕಿದರು. ಹಲವರು ಹಿಡಿದದ್ದು ಮಿಥೈಲ್ ಐಸೋಥಯಜೋಲಿನೋನ್ ಎಂಬುದನ್ನು. ಕೆಲವೇ ವರ್ಷಗಳಲ್ಲಿ ಅದರಿಂದ ಚರ್ಮದ ಅಲರ್ಜಿ ಹೆಚ್ಚಿ, ಅಮೆರಿಕದ ಚರ್ಮತಜ್ಞರ ಸಂಘವೊಂದು 2013ರಲ್ಲಿ ಅದನ್ನು ‘ವರ್ಷದ ಅಲರ್ಜಿಕಾರಕ’ವೆಂದು ಹೆಸರಿಸಿತು. ತೊಳೆಯದೆ ಮೈಮೇಲೆ ಉಳಿಯುವ ಪದಾರ್ಥಗಳಲ್ಲಿ ಅದರ ಬಳಕೆಯನ್ನು ಯುರೋಪು 2017ರಿಂದ ನಿಲ್ಲಿಸಿತು. ಅದೇ ಅಮೆರಿಕದ ಸಂಘ 2019ರಲ್ಲಿ ಪ್ಯಾರಾಬೆನ್‌ಗಳನ್ನು ‘ಅಲರ್ಜಿ ತರದ’ ವಸ್ತುವೆಂದು ಎತ್ತಿ ತೋರಿಸಿತು. ಸಾಬೀತಾಗದ ಅಪಾಯಕ್ಕೆ ಅಂಜಿ ಓಡಿದವರು ನಿಜವಾದ ತುರಿಕೆಯ ಬಾಯಿಗೆ ಬಿದ್ದಿದ್ದರು.

ಹೆಸರು ಕೇಳಿಯೇ ಬೆಚ್ಚುವುದು ಎಷ್ಟು ಸರಿ ಎಂಬುದಕ್ಕೆ ಸೋಡಿಯಂ ಬೆಂಜೊಯೇಟ್ ಒಂದು ನಿದರ್ಶನ. ಅದು ಬೆಂಜಾಯಿಕ್ ಆಮ್ಲದ ಲವಣ. ಆ ಆಮ್ಲ ಮೊದಲು ದೊರೆತದ್ದು ಲೋಬಾನದಿಂದ, ಧೂಪಕ್ಕೆ ಕೆಂಡದ ಮೇಲೆ ಉದುರಿಸುವ ಅದೇ ಅಂಟಿನಿಂದ. ಯುರೋಪಿನ ಔಷಧ ತಯಾರಕರು ಹಿಂದೆ ಮುಲಾಮಿನ ಕೊಬ್ಬು ಕಮಟದಿರಲಿ ಎಂದು ಲೋಬಾನವನ್ನೇ ಬೆರೆಸುತ್ತಿದ್ದರು. ಇಂದು ಅದು ಕಾರ್ಖಾನೆಯಲ್ಲಿ ತಯಾರಾದರೂ ಗುಣ ಅದೇ, ಮಿತಿಯೂ ಅದೇ: ಹುಳಿ ಗುಣದ ಪದಾರ್ಥದಲ್ಲಿ ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಯಾವುದನ್ನು ಆರಿಸುವುದು?

ಆಯ್ಕೆಯ ಮುಂದೆ ನಿಂತವರು ಮೊದಲು ಕೇಳಬೇಕಾದ ಪ್ರಶ್ನೆ ‘ಇದರಲ್ಲಿ ನೀರಿದೆಯೇ?’ ಎಂಬುದು. ಒಣ ಪುಡಿ, ಶುದ್ಧ ಎಣ್ಣೆ, ಮೇಣ ಮತ್ತು ತುಪ್ಪದ ಮುಲಾಮು, ಬಿಲ್ಲೆ ಸಾಬೂನು ಇವುಗಳಿಗೆ ಸಾಮಾನ್ಯವಾಗಿ ಸಂರಕ್ಷಕ ಬೇಡ. ಅಂಥವನ್ನು ಸಂರಕ್ಷಕವಿಲ್ಲದೆ ಕೊಳ್ಳುವುದು ವಿವೇಕ. ಒದ್ದೆ ಕೈ ತಾಗಿಸದೆ ಬಳಸಬೇಕು, ಅಷ್ಟೆ. ಎಣ್ಣೆಗೆ ‘ಇ’ ಜೀವಸತ್ವ ಸೇರಿಸಿದ್ದರೆ ಅದು ಕಮಟುವುದನ್ನು ತಡೆಯುತ್ತದೆ, ಸೂಕ್ಷ್ಮಜೀವಿಯನ್ನಲ್ಲ.

ಲೋಷನ್, ಕ್ರೀಮು, ಲೋಳೆಸರದ ರಸ, ಗುಲಾಬಿ ಜಲ, ಅಕ್ಕಿ ನೀರು ಇವು ನೀರಿನ ಪದಾರ್ಥಗಳು. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಬಳಸುವುದಾದರೆ ಸಂರಕ್ಷಕವಿರುವುದನ್ನೇ ಆರಿಸುವುದು ಲೇಸು. ‘ಸಂರಕ್ಷಕವಿಲ್ಲ’ ಎಂದು ಬರೆದ ನೀರಿನ ಪದಾರ್ಥ ಕೆಡದೆ ಇದ್ದರೆ, ಪರಿಮಳಕ್ಕೋ ಮೃದುತ್ವಕ್ಕೋ ಎಂದು ಹೆಸರಿಸಿದ ಬೇರೊಂದು ವಸ್ತು ಒಳಗೆ ಅದೇ ಕೆಲಸ ಮಾಡುತ್ತಿರಬಹುದು. ಮನೆಯಲ್ಲೇ ಮಾಡಿಕೊಳ್ಳುವವರು ಅಂದಿನದನ್ನು ಅಂದೇ ಮುಗಿಸಿದರೆ ಚಿಂತೆಯಿಲ್ಲ. ಲೋಳೆಸರದ ಎಲೆ ಹಿತ್ತಿಲಲ್ಲಿರುವಾಗ ಅದರ ರಸವನ್ನು ಸೀಸೆಯಲ್ಲಿ ಹಿಡಿದಿಡುವ ಅಗತ್ಯವಾದರೂ ಏನು?

ಸಂರಕ್ಷಕ ಒಗ್ಗದ ಚರ್ಮವೂ ಉಂಟು. ಅಂಥವರು ನೀರಿಲ್ಲದ ಮುಲಾಮು, ಒಂದೇ ಬಾರಿಗೆ ಮುಗಿಯುವ ಸಣ್ಣ ಪೊಟ್ಟಣ, ಗಾಳಿ ಹೊಗದ ಒತ್ತುಸೀಸೆ ಇವುಗಳ ಮೊರೆ ಹೋಗಬಹುದು. ಯಾವುದೇ ಹೊಸ ಪದಾರ್ಥವನ್ನು ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದೆರಡು ದಿನ ನೋಡುವುದು ಎಲ್ಲರಿಗೂ ಒಳ್ಳೆಯದು. ಅರಿಶಿನ, ಗಂಧ, ಸೀಗೆ ಕೂಡ ಕೆಲವರಿಗೆ ಆಗುವುದಿಲ್ಲ.

ಕಾನೂನಿನ ಮಾತೂ ಇದೆ. 1940ರ ಔಷಧ ಕಾಯ್ದೆಗೆ 1962ರ ತಿದ್ದುಪಡಿಯಿಂದ ಸೌಂದರ್ಯ ಸಾಧನಗಳೂ ಸೇರಿದವು. ಈಗ ಅವಕ್ಕೆ 2020ರ ಪ್ರತ್ಯೇಕ ನಿಯಮಾವಳಿಯಿದೆ. ಮಾರಲು ತಯಾರಿಸುವವರಿಗೆ ಪರವಾನಗಿ ಬೇಕು. ಲೇಬಲ್ಲಿನ ಮೇಲೆ ಬಳಸಿದ ಪದಾರ್ಥಗಳು, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಇರಬೇಕು. ಊರಿನ ಮಹಿಳಾ ಸಂಘದ ಕ್ರೀಮಿಗೂ ದೊಡ್ಡ ಕಂಪನಿಯ ಕ್ರೀಮಿಗೂ ಇದು ಒಂದೇ. ಇಂಥ ಸಂಘಗಳು ಸೀಗೆಪುಡಿ, ಕಡಲೆಹಿಟ್ಟಿನ ಸ್ನಾನದ ಪುಡಿ, ಕಾಯಿಸಿದ ಎಣ್ಣೆಗಳಿಂದ ತೊಡಗಿದರೆ ಅವರ ಕೈಗುಣಕ್ಕೂ ಕೊಳ್ಳುವವರ ಚರ್ಮಕ್ಕೂ ಕ್ಷೇಮ. ನೀರಿನ ಪದಾರ್ಥಕ್ಕೆ ಕೈಹಾಕಿದರೆ ಪ್ರಯೋಗಾಲಯದ ಪರೀಕ್ಷೆಯ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟು ಬೆಂಕಿ ಕಾಯುವ ರೈತ, ಹೊಗೆಸೊಪ್ಪು ‘ನೈಸರ್ಗಿಕ’ವಾದ್ದರಿಂದ ತಾನಾಗಿ ಉಳಿದೀತು ಎಂದು ಭಾವಿಸುವುದಿಲ್ಲ. ದಂಟನ್ನು ಮುರಿದು, ಪಸೆ ಹೋಯಿತೇ ಎಂದು ನೋಡುತ್ತಾನೆ. ಸೀಸೆ ಕೊಳ್ಳುವವರೂ ಮುಂಬದಿಯ ಚಿತ್ರ ನೋಡುವ ಮೊದಲು ಅದನ್ನೊಮ್ಮೆ ತಿರುಗಿಸಿ, ಪಟ್ಟಿಯ ಮೊದಲ ಪದ ‘ನೀರು’ ಆಗಿದೆಯೇ ಎಂದು ನೋಡಿದರೆ ಅರ್ಧ ಆಯ್ಕೆ ಮುಗಿದಂತೆಯೇ.